ಚಿನ್ನು ನಿಂತಲ್ಲಿ ನೀವೂ ನಿಲ್ಲಿ: ಶರತ್ಕಾಲದ ಹಳ್ಳಿಗಾಡಿನಲ್ಲಿ ನಾಯಿಯ ಜೊತೆ ಸುತ್ತಾಟ

ಪ್ರಶ್ನೆ: ನಮ್ಮ ಚಿನ್ನುಗೆ ಒಂಬತ್ತು ವರ್ಷ. ಮಧ್ಯಮ ಗಾತ್ರದ ಮಿಶ್ರತಳಿ, ಹೆಣ್ಣು, ತೂಕ ಸ್ವಲ್ಪ ಜಾಸ್ತಿಯೇ ಇದೆ. ವಾರವಿಡೀ ಫ್ಲ್ಯಾಟಿನಲ್ಲಿರುತ್ತಾಳೆ, ಬೆಳಗ್ಗೆ ಸಂಜೆ ರಸ್ತೆಯ ಕೊನೆಯವರೆಗೆ ಹೋಗಿ ಬರುತ್ತಾಳೆ ಅಷ್ಟೆ. ಶರತ್ಕಾಲ ಬಂತೆಂದರೆ ವಾರಾಂತ್ಯಕ್ಕೆ ಅವಳನ್ನು ಹಳ್ಳಿಗಾಡಿನ ಕಡೆ ಕರೆದುಕೊಂಡು ಹೋಗುವುದು ನಮಗೆಲ್ಲ ಬಹಳ ಇಷ್ಟ. ಆದರೆ ಈಚೆಗೆ ಹೆಜ್ಜೆಗೊಮ್ಮೆ ನಿಂತು ತರಗೆಲೆಯಲ್ಲಿ ಮೂಗು ತೂರಿಸುತ್ತಾಳೆ. "ಹೀಗಾದರೆ ವ್ಯಾಯಾಮ ಆದ ಹಾಗೇ" ಎಂದು ನಮ್ಮ ಯಜಮಾನರು ಎಳೆದುಕೊಂಡು ಹೊರಡುತ್ತಾರೆ. ಮರುದಿನ ಬೆಳಗ್ಗೆ ಏಳುವಾಗ ಅವಳ ಹಿಂಗಾಲು ಬಿಗಿದುಕೊಂಡಂತಿರುತ್ತದೆ. ಕಂಡಿದ್ದನ್ನೆಲ್ಲ ಬಾಯಿಗೆ ಹಾಕುವ ಚಾಳಿ ಬೇರೆ. ಬಯಲಿನಲ್ಲಿ ಅವಳನ್ನು ಬಿಚ್ಚಿ ಬಿಡಬಹುದೇ? ದನ, ಕುರಿ ಎದುರಾದರೆ ಏನು ಮಾಡಬೇಕು? ಈ ವಯಸ್ಸಿಗೆ ಇಂಥ ಸುತ್ತಾಟ ಒಳ್ಳೆಯದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಒಳ್ಳೆಯದು, ತುಂಬಾ ಒಳ್ಳೆಯದು. ಒಂಬತ್ತು ವರ್ಷದ ನಾಯಿಗೆ ನೀವು ಕೊಡಬಹುದಾದ ಸುಖಗಳಲ್ಲಿ ಇದಕ್ಕಿಂತ ದೊಡ್ಡದು ಬಹಳ ಇಲ್ಲ. ಆದರೆ ಎಳೆದುಕೊಂಡು ಹೋಗುವುದನ್ನು ಇವತ್ತಿಗೇ ನಿಲ್ಲಿಸಬೇಕು. ಚಿನ್ನು ತರಗೆಲೆಯಲ್ಲಿ ಮೂಗು ಇಟ್ಟು ನಿಂತಾಗ ಸುತ್ತಾಟ ನಿಂತುಹೋಗಿದೆ ಎಂದು ನಿಮ್ಮ ಯಜಮಾನರಿಗೆ ಅನ್ನಿಸುತ್ತಿದೆ. ಅವಳ ಮಟ್ಟಿಗೆ ಸುತ್ತಾಟ ನಡೆಯುತ್ತಿರುವುದೇ ಆಗ. ದಾರಿ ಎಷ್ಟು ದೂರ ಸಾಗಿತು ಎಂಬುದು ನಮ್ಮ ಲೆಕ್ಕ. ನಾಯಿಗೆ ಊರಾಚೆ ಹೋಗುವುದೆಂದರೆ ಮೊದಲಿಗೆ ಮೂಗಿನ ಕೆಲಸ, ಕಾಲಿನ ಕೆಲಸ ಆಮೇಲೆ. ಕೆಳಗೆ ಹೇಳುವ ಹಗ್ಗ, ದನ, ಅಣಬೆ, ಉಣುಗಿನ ವಿಚಾರವೆಲ್ಲ ಇದಕ್ಕಾಗಿಯೇ: ಆ ಮೂಗು ನಿಶ್ಚಿಂತೆಯಿಂದ ಕೆಲಸ ಮಾಡಲಿ ಎಂದು.

ಶರತ್ಕಾಲದಲ್ಲೇ ಅವಳು ಹೆಚ್ಚು ನಿಲ್ಲುವುದಕ್ಕೆ ಕಾರಣಗಳಿವೆ. ನಾಯಿಗೆ ಮೈಮೇಲೆಲ್ಲ ಬೆವರಿ ತಣ್ಣಗಾಗಲು ಬರುವುದಿಲ್ಲ. ಬೇಸಿಗೆಯಲ್ಲಿ ಅದು ನಾಲಿಗೆ ಚಾಚಿ ಏದುಸಿರು ಬಿಡುತ್ತಾ ಮೈ ತಂಪು ಮಾಡಿಕೊಳ್ಳುತ್ತದೆ. ಏದುಸಿರು ಬಿಡುತ್ತಾ ಚೆನ್ನಾಗಿ ಮೂಸುವುದು ಆಗದ ಕೆಲಸ, ಎರಡಕ್ಕೂ ಬೇಕಾದ್ದು ಅದೇ ಉಸಿರು. ಸ್ಫೋಟಕ ಪತ್ತೆಯ ನಾಯಿಗಳ ಮೇಲೆ ಇರಿತ್ ಗಜಿತ್ ಮತ್ತು ಜೋಸೆಫ್ ಟರ್ಕೆಲ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಣಿದು ಏದುಸಿರು ಹೆಚ್ಚಾದಷ್ಟೂ ಪತ್ತೆಹಚ್ಚುವ ಸಾಮರ್ಥ್ಯ ಕುಸಿದದ್ದು ಕಂಡುಬಂತು. ಗಾಳಿ ತಂಪಾದ ಕೂಡಲೇ ನಾಯಿ ಬಾಯಿ ಮುಚ್ಚುತ್ತದೆ, ಮೂಗು ಪೂರ್ತಿ ಬಿಡುವಾಗುತ್ತದೆ. ಅದೇ ಹೊತ್ತಿಗೆ ನೆಲವೂ ತೇವಗೊಂಡಿರುತ್ತದೆ. ತೇವವಿರುವ ನೆಲದಲ್ಲಿ ವಾಸನೆ ಹೆಚ್ಚು ಹೊತ್ತು ನಿಲ್ಲುತ್ತದೆ, ತೇವದ ಮೂಗಿಗೆ ಸುಲಭವಾಗಿ ಅಂಟುತ್ತದೆ. ಉದುರಿದ ಎಲೆಗಳನ್ನು ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಕೊಳೆಸತೊಡಗಿರುತ್ತವೆ. ಅಳಿಲು, ಇಲಿ, ಕಾಡುಹಕ್ಕಿಗಳು ಚಳಿಗಾಲಕ್ಕೆಂದು ಕಾಳುಕಡ್ಡಿ ಹುದುಗಿಸುತ್ತಾ ಎಲ್ಲೆಡೆ ಓಡಾಡಿರುತ್ತವೆ. ವಾರವಿಡೀ ಅದೇ ಲಿಫ್ಟು, ಅದೇ ಕಾಂಪೌಂಡು ಮೂಸಿದ ಚಿನ್ನು ಇಂಥ ನೆಲಕ್ಕೆ ಇಳಿದಾಗ ಹೆಜ್ಜೆಗೊಮ್ಮೆ ನಿಲ್ಲದೆ ಇನ್ನೇನು ಮಾಡಿಯಾಳು?

ಆ ಮೂಗಿನ ಬಗ್ಗೆ ಸ್ವಲ್ಪ ತಿಳಿದುಕೊಂಡರೆ ಕಾಯುವುದು ಬೇಸರವೆನಿಸುವುದಿಲ್ಲ. ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 50–60 ಲಕ್ಷ ಇದ್ದರೆ ನಾಯಿಯಲ್ಲಿ 20 ಕೋಟಿಗೂ ಹೆಚ್ಚು. ಮೂಸುವಾಗ ಅದು ಸೆಕೆಂಡಿಗೆ ಐದು ಬಾರಿಯಷ್ಟು ಚುಟುಕಾಗಿ ಉಸಿರೆಳೆಯುತ್ತದೆ. ಒಳಹೋದ ಗಾಳಿ ಎರಡು ದಾರಿಯಾಗುತ್ತದೆ: ಹೆಚ್ಚಿನದು ಶ್ವಾಸಕೋಶಕ್ಕೆ, ಉಳಿದದ್ದು ಮೂಗಿನ ಹಿಂಬದಿಯಲ್ಲಿ ವಾಸನೆಗೆಂದೇ ಇರುವ ಸುರುಳಿಯಂಥ ಭಾಗಕ್ಕೆ. ಹೊರಬಿಡುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹಿಂದಕ್ಕೆ ಹೊರಡುವುದರಿಂದ ಮುಂದಿರುವ ವಾಸನೆ ಚದುರುವುದಿಲ್ಲ. ಮುಂದಿನ ಸಲ ಚಿನ್ನು ಧೂಳಿರುವ ನೆಲ ಮೂಸುವಾಗ ಬಗ್ಗಿ ನೋಡಿ. ಮೂಗಿನ ಎರಡೂ ಪಕ್ಕದಲ್ಲಿ ಧೂಳು ಹಿಂದಕ್ಕೆ ಹಾರುತ್ತಿರುತ್ತದೆ. ಇದು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಇದರಿಂದ ಮನಸ್ಸಿಗೂ ಲಾಭವಿದೆ. ಷಾರ್ಲಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಕುನಾಯಿಗಳ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎರಡು ವಾರ ಮೂಸಿ ಹುಡುಕುವ ಆಟ, ಇನ್ನೊಂದಕ್ಕೆ ಅಷ್ಟೇ ಕಾಲ ಸಾಕಿದವರ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ. ಆಮೇಲೆ, ತಿಂಡಿ ಇದೆಯೋ ಇಲ್ಲವೋ ಎಂದು ಗೊತ್ತಾಗದ ಜಾಗದಲ್ಲಿ ಬಟ್ಟಲಿಟ್ಟಾಗ ಮೂಸುವ ಆಟವಾಡಿದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ನಡೆದವು. ಅಂದರೆ ಒಳ್ಳೆಯದೇ ಸಿಗುತ್ತದೆ ಎಂಬ ನಿರೀಕ್ಷೆ ಅವುಗಳಲ್ಲಿ ಹೆಚ್ಚಿತ್ತು. ಪಕ್ಕದಲ್ಲೇ ನಡೆದ ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಟ್ಟು ಗಡಿಯಾರದ ಲೆಕ್ಕ ಇಟ್ಟುಕೊಳ್ಳಿ. ಚಿನ್ನುವಿನ ವಯಸ್ಸಿಗೂ ತೂಕಕ್ಕೂ ಮುಕ್ಕಾಲು ಗಂಟೆಯಿಂದ ಶುರು ಮಾಡಿದರೆ ಸಾಕು. ವಾಹನದಿಂದ ಇಳಿದ ಮೊದಲ ಹತ್ತು ನಿಮಿಷ ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಸಿ, ಕೀಲುಗಳು ಬೆಚ್ಚಗಾಗಲಿ. ಆಮೇಲೆ ದಾರಿ ಆರಿಸುವ ಕೆಲಸ ಅವಳಿಗೆ ಬಿಡಿ. ಒಂದೇ ಗಿಡದ ಬುಡದಲ್ಲಿ ಐದು ನಿಮಿಷ ನಿಂತರೂ ಸರಿ, ಬಂದ ದಾರಿಯಲ್ಲೇ ವಾಪಸು ಹೊರಟರೂ ಸರಿ. ಬೇಲಿಯ ಸಾಲು, ಕಟಾವಾದ ಹೊಲದ ಅಂಚು, ಕಾಡು ಬಯಲಿಗೆ ಸೇರುವ ಗಡಿ, ಇಂಥ ಕಡೆ ವಾಸನೆ ಹೆಚ್ಚು. ನೂರು ಹೆಜ್ಜೆಯ ಬೇಲಿಯಲ್ಲೇ ಅರ್ಧ ಗಂಟೆ ಕಳೆಯಬಲ್ಲಳು. ನಾಯಿ ನಿಂತಾಗ ನಾವೂ ನಿಂತು ಸುತ್ತ ನೋಡುವ ಅಭ್ಯಾಸ ಬಂದರೆ, ಓಡುವವರಿಗೆ ಕಾಣದ ಎಷ್ಟೋ ಹಕ್ಕಿ ಕಣ್ಣಿಗೆ ಬೀಳುತ್ತದೆ.

ಹಿಂಗಾಲು ಬಿಗಿಯುವುದನ್ನು ಮಾತ್ರ 'ವಯಸ್ಸಾಯಿತು, ಅಷ್ಟೆ' ಎಂದು ಬಿಡಬೇಡಿ. ವಯಸ್ಸು ರೋಗವಲ್ಲ. ಮಲಗಿ ಎದ್ದಾಗ ಬಿಗಿತ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲ, ಶ್ರಮವಾದ ಮರುದಿನ ಹೆಚ್ಚು: ಇದು ಕೀಲು ಸವೆತದ ಸಾಮಾನ್ಯ ಚಿತ್ರ. ಸೊಂಟದ ಕೀಲಿನ ತೊಂದರೆಯೋ, ಮಂಡಿಯ ಒಳಗಿನ ಅಸ್ಥಿಬಂಧ ಹರಿದಿರುವುದೋ, ಬೆನ್ನುಮೂಳೆಯದೋ ಎಂಬುದನ್ನು ಪಶುವೈದ್ಯರು ಕೈಯಿಂದ ಮುಟ್ಟಿ, ಅಗತ್ಯವಿದ್ದರೆ ಎಕ್ಸ್‌ರೇ ತೆಗೆದು ಹೇಳಬೇಕು. ಸುತ್ತಾಟದ ಋತು ಶುರುವಾಗುವ ಮೊದಲೇ ತೋರಿಸಿ. ಮನೆಯಲ್ಲಿರುವ ನಿಮ್ಮ ನೋವಿನ ಮಾತ್ರೆಯನ್ನು ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳದೆ ಕೊಡುವಂಥದ್ದಲ್ಲ. ನಾಯಿಗೆಂದೇ ಇರುವ ನೋವಿನ ಔಷಧಿಗಳು ಬೇರೆ ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ.

ತೂಕ ಇಳಿಸುವುದು ಔಷಧಿಯಷ್ಟೇ ಮುಖ್ಯ. ಬೊಜ್ಜಿರುವ, ಕೀಲು ಸವೆದ ನಾಯಿಗಳು ಮೈತೂಕದಲ್ಲಿ ಸುಮಾರು 6% ಇಳಿಸಿದರೇ ಕುಂಟುವುದು ಗುರುತಿಸುವಷ್ಟು ಕಡಿಮೆಯಾದದ್ದು ಅಧ್ಯಯನದಲ್ಲಿ ಕಂಡಿದೆ. 20 ಕಿಲೋದ ನಾಯಿಗೆ ಅದು ಒಂದೂಕಾಲು ಕಿಲೋ ಕೂಡ ಅಲ್ಲ. ಇನ್ನೊಂದು ಮಾತು: ಐದು ದಿನ ಫ್ಲ್ಯಾಟಿನಲ್ಲಿ ಮಲಗಿ ಆರನೆಯ ದಿನ ಮೂರು ಗಂಟೆ ಗುಡ್ಡ ಹತ್ತಿಸುವುದೇ ಸವೆದ ಕೀಲಿಗೆ ಎಲ್ಲಕ್ಕಿಂತ ಕೆಟ್ಟದ್ದು. ವಾರದ ದಿನಗಳ ನಡಿಗೆಯನ್ನು ಈಗಿನಿಂದಲೇ ಕೆಲವು ನಿಮಿಷಗಳಂತೆ ಹೆಚ್ಚಿಸುತ್ತಾ ಹೋಗಿ. ವಾರಾಂತ್ಯದ ಸುತ್ತಾಟ ವಾರದ ನಡಿಗೆಗಿಂತ ಸ್ವಲ್ಪವೇ ಹೆಚ್ಚಿರಲಿ. ಚೆಂಡೆಸೆದು ಓಡಿಸುವ ಆಟ ಅವಳಿಗೆ ಇನ್ನು ಬೇಡ. ತೊಯ್ದ ಎಲೆಯ ಮೇಲೆ ಓಡಿ ಗಕ್ಕನೆ ತಿರುಗುವಾಗ ಮಂಡಿಯ ಮೇಲೆ ಬೀಳುವ ಹೊಡೆತ ಸಣ್ಣದಲ್ಲ. ವಾಹನದಿಂದ ಹಾರಲು ಬಿಡದೆ ಎತ್ತಿ ಇಳಿಸಿ, ಇಲ್ಲವೇ ಹಲಗೆ ಇಟ್ಟು ನಡೆಸಿ.

ಬಿಚ್ಚಿ ಬಿಡಬಹುದೇ ಎಂದು ಕೇಳಿದ್ದೀರಿ. ನಿಮ್ಮ ಪತ್ರ ಓದಿದರೆ ನನ್ನ ಉತ್ತರ ಬೇಡ ಎಂದೇ. ಮೂಗಿನ ಹಿಂದೆ ಹೋಗುವ ನಾಯಿಗೆ ವಾಸನೆಯ ಜಾಡು ಸಿಕ್ಕರೆ ಕಿವಿ ಕೇಳಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ. ಒಂಬತ್ತರ ವಯಸ್ಸಿನಲ್ಲಿ ಕಿವಿ ನಿಜಕ್ಕೂ ಮಂದವಾಗಲು ಶುರುವಾಗಿರಬಹುದು. ಶರತ್ಕಾಲ ಅನೇಕ ಜಾತಿಯ ಜಿಂಕೆಗಳು ಬೆದೆಗೆ ಬರುವ ಕಾಲವೂ ಹೌದು. ಆಗ ಗಂಡು ಜಿಂಕೆಗಳು ಓಡಿಹೋಗುವ ಬದಲು ತಿರುಗಿ ನಿಲ್ಲಬಹುದು. ಅಪರಿಚಿತ ಜಾಗದಲ್ಲಿ ದಾರಿ ತಪ್ಪಿದ ನಾಯಿಗೆ ಹತ್ತಿರದ ರಸ್ತೆಯೇ ದೊಡ್ಡ ಅಪಾಯ. ಆದರೆ ಬಿಡದಿರುವುದು ಎಂದರೆ ಗಿಡ್ಡ ಹಗ್ಗದಲ್ಲಿ ಬಿಗಿಹಿಡಿಯುವುದು ಎಂದಲ್ಲ. ಐದರಿಂದ ಹತ್ತು ಮೀಟರಿನ ಉದ್ದ ಹಗ್ಗ ತೆಗೆದುಕೊಳ್ಳಿ, ನೀರು ಹೀರದ ನುಣುಪು ಪಟ್ಟಿಯದಾದರೆ ಕೆಸರಿನಲ್ಲಿ ಅನುಕೂಲ. ಅದನ್ನು ಕೊರಳಪಟ್ಟಿಗೆ ಕಟ್ಟಲೇಬಾರದು. ವೇಗವಾಗಿ ಓಡಿ ಹಗ್ಗ ಮುಗಿದಾಗ ಆ ಎಳೆತವೆಲ್ಲ ಕುತ್ತಿಗೆಗೆ ಬೀಳುತ್ತದೆ. ಎದೆಯನ್ನು ಸುತ್ತುವ ಹಾರ್ನೆಸ್‌ನ ಬೆನ್ನಿನ ಕೊಂಡಿಗೆ ಹಾಕಿ. ನಿಮ್ಮ ಕೈಗೆ ಹಗ್ಗ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುವುದು ಹಾಗೆಯೇ. ತೆಳು ಕೈಗವಸು ಹಾಕಿ ಮಡಿಕೆ ಮಡಿಕೆಯಾಗಿ ಹಿಡಿಯಿರಿ. ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಲೀಶ್ ಈ ಕೆಲಸಕ್ಕೆ ನನಗೆ ಇಷ್ಟವಿಲ್ಲ. ಅದು ಸದಾ ಸಣ್ಣಗೆ ಎಳೆಯುತ್ತಲೇ ಇರುತ್ತದೆ, ಪೊದೆಗೆ ಸಿಕ್ಕರೆ ಬಿಡಿಸುವುದೂ ಕಷ್ಟ.

ಕರೆದಾಗ ಬರುವ ಅಭ್ಯಾಸವನ್ನು ಹಗ್ಗವಿದ್ದಾಗಲೇ ಗಟ್ಟಿ ಮಾಡಿ. ಹೆಚ್ಚಿನವರು ನಾಯಿಯನ್ನು ಕರೆಯುವುದು ಮನೆಗೆ ಹೊರಡುವಾಗ ಮಾತ್ರ. ಬಂದರೆ ಆಟ ಮುಗಿಯುತ್ತದೆ ಎಂದು ಕಲಿತ ನಾಯಿ ಬರುವುದನ್ನು ನಿಲ್ಲಿಸುತ್ತದೆ. ನೀವು ಸುತ್ತಾಟದ ನಡುನಡುವೆ ಕರೆಯಿರಿ, ಬಂದ ಕೂಡಲೇ ಅವಳಿಗೆ ತುಂಬ ಇಷ್ಟವಾದ ತುಣುಕೊಂದನ್ನು ಕೊಟ್ಟು ಅದೇ ವಾಸನೆಯ ಜಾಗಕ್ಕೆ ಮತ್ತೆ ಕಳಿಸಿ. ಕಳೆದುಹೋದರೆ ಗುರುತಿಸಲೆಂದು ನಾಯಿಯ ಚರ್ಮದಡಿ ಅಳವಡಿಸುವ ಮೈಕ್ರೋಚಿಪ್‌ನಲ್ಲಿ 15 ಅಂಕಿಯ ಸಂಖ್ಯೆಯಷ್ಟೇ ಇರುತ್ತದೆ. ಆ ಸಂಖ್ಯೆಯ ಎದುರು ದಾಖಲಾಗಿರುವ ಫೋನ್ ನಂಬರ್ ಹಳೆಯದಾಗಿದ್ದರೆ ಚಿಪ್ ಇದ್ದೂ ಪ್ರಯೋಜನವಿಲ್ಲ. ಹೊರಡುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳಿ.

ಇನ್ನು ದನ, ಕುರಿ. ಇದರಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಮೇಯುವ ಪ್ರಾಣಿಗಳಿರುವ ಹೊಲಕ್ಕೆ ಬೇರೆ ದಾರಿಯಿದ್ದರೆ ಹೋಗಲೇಬೇಡಿ. ಹೋಗಲೇಬೇಕಾದರೆ ಗಿಡ್ಡ ಹಗ್ಗ, ಬೇಲಿಯ ಅಂಚು, ಮೌನ ನಡಿಗೆ. ಕರುವಿರುವ ಹಸುವಿಗೂ ಕರುವಿಗೂ ನಡುವೆ ಯಾವ ಕಾರಣಕ್ಕೂ ಹೋಗಬಾರದು. ಹಸುಗಳು ನುಗ್ಗಿ ಬಂದರೆ ತಕ್ಷಣ ಹಗ್ಗ ಕೈಬಿಡಿ. ಅವು ಅಟ್ಟುವುದು ನಾಯಿಯನ್ನು. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ಹಗ್ಗ ಹಿಡಿದು ನಿಂತ ಮನುಷ್ಯ ತುಳಿತಕ್ಕೆ ಸಿಗುತ್ತಾನೆ. ಪ್ರೀತಿಯ ನಾಯಿಯನ್ನು ಎತ್ತಿಕೊಳ್ಳಬೇಕೆಂದು ಕೈ ಹೋಗುತ್ತದೆ, ಅದೇ ಪ್ರಾಣಕ್ಕೆ ಮುಳುವಾಗುವುದು. ಕುರಿಗಳ ವಿಷಯದಲ್ಲಿ ನಾಯಿ ಕಚ್ಚಬೇಕೆಂದೇನಿಲ್ಲ. ಗಬ್ಬದ ಕುರಿಯನ್ನು ಓಡಿಸಿದ ಗಾಬರಿಗೇ ಅದರ ಗರ್ಭ ಇಳಿದುಹೋಗಬಹುದು.

ಮಲ ಎತ್ತುವುದನ್ನು ಪೇಟೆಯಲ್ಲಿ ಮಾಡಿ ಹೊಲದಲ್ಲಿ ಬಿಡುವವರಿದ್ದಾರೆ, ಗೊಬ್ಬರವಾಗುತ್ತದಲ್ಲ ಎಂದು. ಅದು ಗೊಬ್ಬರವಲ್ಲ. ನಿಯೋಸ್ಪೊರಾ ಕ್ಯಾನಿನಮ್ ಎಂಬ ಪರಾವಲಂಬಿಯ ಮೊಟ್ಟೆಯಂಥ ಕಣಗಳು ಸೋಂಕಿತ ನಾಯಿಯ ಮಲದ ಮೂಲಕ ಹುಲ್ಲಿಗೆ ಸೇರುತ್ತವೆ. ಅದನ್ನು ಮೇಯ್ದ ಹಸುವಿನ ಗರ್ಭ ಇಳಿಯಬಹುದು, ಬದುಕಿ ಹುಟ್ಟಿದ ಕರುವಿಗೂ ಸೋಂಕು ದಾಟಬಹುದು. ಈ ಜೀವಿಯ ಬದುಕಿನ ಚಕ್ರ ನಾಯಿಯಲ್ಲೇ ಪೂರ್ತಿಯಾಗುತ್ತದೆ ಎಂಬುದು 1998ರಲ್ಲಿ ಖಚಿತವಾಯಿತು. ನಾಯಿಗೆ ಅದು ಬರುವುದು ಸತ್ತ ಕರು, ಸೆತ್ತೆ (ಕರು ಹಾಕಿದ ಮೇಲೆ ಬೀಳುವ ಮಾಸು), ಹಸಿಮಾಂಸ ತಿಂದಾಗ. ಆದ್ದರಿಂದ ಹೊಲದಲ್ಲಿ ಮಲ ಎತ್ತಿ ಜೊತೆಗೆ ಒಯ್ಯಿರಿ, ಚೀಲ ಕಟ್ಟಿ ಬೇಲಿಗೆ ತೂಗಿಸಿ ಬರಬೇಡಿ. ಜಂತುಹುಳದ ಔಷಧಿಯನ್ನು ವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಕೊಡಿ. ಹಾಗೆಯೇ ಉತ್ತ ಮಣ್ಣು ಬರಿದಾಗಿ ಕಂಡರೂ ಅಲ್ಲಿ ಹೊಸದಾಗಿ ಬಿತ್ತಿರಬಹುದು, ಅಂಚಿನಲ್ಲೇ ನಡೆಯಿರಿ. ನಾವು ಅವರ ದುಡಿಮೆಯ ನೆಲದಲ್ಲಿ ಸುತ್ತಾಡುತ್ತಿರುತ್ತೇವೆ.

ಬಾಯಿಗೆ ಹಾಕುವ ಚಾಳಿಯೇ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು. ಮಳೆ, ತಂಪು, ಕೊಳೆತ ಎಲೆ ಸೇರಿದ ಈ ಕಾಲ ಅಣಬೆಗಳದು. ಹೆಚ್ಚಿನವು ನಿರಪಾಯಕಾರಿ, ಕೆಲವು ಕೊಲ್ಲುತ್ತವೆ. ಅಮನಿಟಾ ಫಲ್ಲಾಯ್ಡಿಸ್ ಎಂಬ ಅಣಬೆಯಲ್ಲಿರುವ ಅಮಾಟಾಕ್ಸಿನ್ ಯಕೃತ್ತಿನ ಕೋಶಗಳನ್ನು ನಾಶಮಾಡುತ್ತದೆ. ಇದರ ಮೋಸವಿರುವುದು ಸಮಯದಲ್ಲಿ. ತಿಂದ ಮೇಲೆ ಆರು ಗಂಟೆಯಿಂದ ಇಡೀ ದಿನದವರೆಗೆ ನಾಯಿ ಎಂದಿನಂತೆಯೇ ಇರಬಹುದು. ಆಮೇಲೆ ವಾಂತಿ, ಭೇದಿ. ಅದು ಇಳಿದು ಸುಧಾರಿಸಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಯಕೃತ್ತು ಸೋಲುತ್ತಿರುತ್ತದೆ. ಆದ್ದರಿಂದ ಅಣಬೆ ತಿಂದದ್ದನ್ನು ಕಂಡರೆ ಲಕ್ಷಣಕ್ಕಾಗಿ ಕಾಯಬಾರದು. ಉಳಿದ ಅಣಬೆಯನ್ನು ಬುಡಸಮೇತ ಕಿತ್ತು ಕಾಗದದಲ್ಲಿ ಸುತ್ತಿಕೊಂಡು ವೈದ್ಯರ ಬಳಿ ಓಡಿ. ಪ್ಲಾಸ್ಟಿಕ್‌ನಲ್ಲಿ ಹಾಕಿದರೆ ಕೊಳೆತು ಗುರುತು ಸಿಗದಂತಾಗುತ್ತದೆ. ಸಾಧ್ಯವಾದರೆ ಅದು ಬೆಳೆದಿದ್ದ ಜಾಗದ ಫೋಟೊ ಕೂಡ ಇರಲಿ.

ಓಕ್ ಮರದ ಕಾಯಿಗಳಲ್ಲಿ ಟ್ಯಾನಿನ್ ಇದೆ, ಹೊಟ್ಟೆ ಕೆಡಿಸುತ್ತದೆ. ಹಾರ್ಸ್ ಚೆಸ್ಟ್‌ನಟ್ ಕಾಯಿ ವಿಷವೂ ಹೌದು, ಕರುಳಿಗೆ ಅಡ್ಡ ಸಿಕ್ಕಿಕೊಳ್ಳುವ ಗಾತ್ರವೂ ಹೌದು. ಉದುರಿ ಬೂಷ್ಟು ಹಿಡಿದ ಅಕ್ರೋಟು ಮತ್ತು ಕೊಳೆಯುವ ಗೊಬ್ಬರದ ಗುಡ್ಡೆಯಲ್ಲಿ ನಡುಕ, ಸೆಳೆತ ತರುವ ಶಿಲೀಂಧ್ರ ವಿಷಗಳಿರುತ್ತವೆ. ಮರದಡಿ ಕೊಳೆತ ಹಣ್ಣು ಹುಳಿಬಂದು ಮದ್ಯವಾಗಿರುತ್ತದೆ. ಚಳಿಗೆ ಹೆದರಿ ಇಲಿಗಳು ಕಣಜ, ಕೊಟ್ಟಿಗೆಗಳತ್ತ ಬರುವ ಕಾಲವಾದ್ದರಿಂದ ಅಲ್ಲೆಲ್ಲ ಪಾಷಾಣವಿಟ್ಟಿರುವ ಸಂಭವ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಇಲಿ ಪಾಷಾಣ ತಿಂದ ನಾಯಿಯಲ್ಲಿ ರಕ್ತಸ್ರಾವ ಕಾಣಿಸಲು ಮೂರರಿಂದ ಐದು ದಿನ ಬೇಕಾಗಬಹುದು. ಬೇಗ ತಿಳಿದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ವಾಹನದ ರೇಡಿಯೇಟರಿಗೆ ಹಾಕುವ ಆ್ಯಂಟಿಫ್ರೀಜ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನೆಲದಲ್ಲಿ ಸೋರಿದ್ದನ್ನು ನಾಯಿ ನೆಕ್ಕುತ್ತದೆ. ಅರ್ಧ ಗಂಟೆಯಲ್ಲೇ ಕುಡಿದಂತೆ ತೂರಾಡಬಹುದು. ಒಂದೆರಡು ದಿನದಲ್ಲಿ ಕಿಡ್ನಿ ನಿಲ್ಲುತ್ತದೆ, ಪ್ರತಿವಿಷ ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಬೇಸಿಗೆಯ ಕೊನೆಯಿಂದ ನಿಂತ ನೀರಿನಲ್ಲಿ ಬಣ್ಣ ಚೆಲ್ಲಿದಂತೆ ತೇಲುವ ನೀಲಿ-ಹಸಿರು ಪಾಚಿ ಶರತ್ಕಾಲದ ಆರಂಭದಲ್ಲೂ ಇರುತ್ತದೆ. ಅಂಥ ನೀರಿಗೆ ಇಳಿಸಬೇಡಿ, ಕುಡಿಸಬೇಡಿ, ಮೈಗೆ ಹತ್ತಿದ್ದನ್ನು ನೆಕ್ಕಲೂ ಬಿಡಬೇಡಿ.

ಇಷ್ಟು ಓದಿ ಮನೆಯಲ್ಲೇ ಇರೋಣ ಎನ್ನಿಸಬಾರದು. ಇದಕ್ಕೆಲ್ಲ ಮದ್ದು ಒಂದೇ ಅಭ್ಯಾಸ: 'ಬಿಡು' ಎಂದರೆ ಬಾಯಿಯಲ್ಲಿದ್ದದ್ದನ್ನು ಬಿಡುವುದು. ಬಾಯೊಳಗೆ ಬೆರಳು ಹಾಕಿ ಕಿತ್ತರೆ ನಾಯಿ ಮುಂದಿನ ಸಲ ಬೇಗ ನುಂಗಲು ಕಲಿಯುತ್ತದೆ, ಚಿನ್ನು ಅದನ್ನೇ ಕಲಿತಿರಬಹುದು ಎಂಬುದು ನನ್ನ ಊಹೆ. ಬದಲಾಯಿಸಿಕೊಳ್ಳುವುದನ್ನು ಕಲಿಸಿ. ಮನೆಯಲ್ಲಿ ಅವಳಿಗೆ ಅಷ್ಟೇನೂ ಇಷ್ಟವಿಲ್ಲದ ಆಟಿಕೆ ಬಾಯಲ್ಲಿದ್ದಾಗ ಮೂಗಿನ ಮುಂದೆ ಒಳ್ಳೆಯ ತುಣುಕು ಹಿಡಿಯಿರಿ, ಬಿಟ್ಟ ಕ್ಷಣವೇ 'ಬಿಡು' ಎಂದು ಕೊಡಿ, ಆಟಿಕೆಯನ್ನೂ ವಾಪಸು ಕೊಡಿ. ಇದು ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಮಝಲ್ ಎಂದು ಕರೆಯುವ ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ ಕರೆದೊಯ್ಯಬಹುದು. ಬಾಯಿ ತೆರೆದು ಉಸಿರಾಡಲು, ನೀರು ಕುಡಿಯಲು ಸಾಕಷ್ಟು ಜಾಗವಿರುವಂಥದ್ದು ಬೇಕು. ಅದು ಶಿಕ್ಷೆಯಲ್ಲ, ಮೂಸುವುದಕ್ಕೆ ಅಡ್ಡಿಯೂ ಅಲ್ಲ. ನೋಡಿದವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬಿಟ್ಟುಬಿಡಿ. ಏನನ್ನಾದರೂ ತಿಂದೇಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ನಾಯಿಗೆ ವಿಷವಾಗುತ್ತದೆ. ವೈದ್ಯರಿಗೆ ಫೋನ್ ಮಾಡಿ ಅವರು ಹೇಳಿದಂತೆ ಮಾಡಿ.

ಉಣುಗು ಬೇಸಿಗೆಯ ಪೀಡೆ ಎಂದು ಔಷಧಿ ನಿಲ್ಲಿಸುವವರು ಬಹಳ. ಲೈಮ್ ಕಾಯಿಲೆ ಹರಡುವ ಜಾತಿಯ ಉಣುಗುಗಳು ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಓಡಾಡುತ್ತಲೇ ಇರುತ್ತವೆ, ಶರತ್ಕಾಲದಲ್ಲಿ ಅವುಗಳ ಓಡಾಟ ಇನ್ನೊಮ್ಮೆ ಏರುತ್ತದೆ. ಲೈಮ್‌ನ ಬ್ಯಾಕ್ಟೀರಿಯಾ ನಾಯಿಗೆ ದಾಟಲು ಸಾಮಾನ್ಯವಾಗಿ 24ರಿಂದ 48 ಗಂಟೆ ಕಚ್ಚಿಕೊಂಡಿರಬೇಕು. ಹಾಗಾಗಿ ಅದೇ ಸಂಜೆ ಹುಡುಕಿ ತೆಗೆದರೆ ಬಹುಪಾಲು ಗೆದ್ದ ಹಾಗೆ. ಉಣುಗು ಹರಡುವ ಬೇರೆ ರೋಗಗಳಲ್ಲಿ ಕೆಲವು ಇದಕ್ಕಿಂತ ಬೇಗ ದಾಟಬಲ್ಲವಾದ್ದರಿಂದ ತಡೆ ಔಷಧಿಯೂ ಇರಬೇಕು. ಅವಳಿಗೆ ಎಂದಾದರೂ ಸೆಳೆತ ಬಂದಿದ್ದರೆ ವೈದ್ಯರಿಗೆ ಹೇಳಿ, ಕೆಲವು ಮಾತ್ರೆಗಳನ್ನು ಅಂಥ ನಾಯಿಗಳಿಗೆ ಯೋಚಿಸಿಯೇ ಕೊಡುತ್ತಾರೆ. ಉಣುಗನ್ನು ತುದಿ ಚೂಪಾದ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ.

ಬೆರಳುಗಳ ಸಂದಿಯಲ್ಲಿ, ಕಿವಿಯ ಅಂಚಿನ ಪುಟ್ಟ ಮಡಿಕೆಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಏನಾದರೂ ಕಂಡರೆ ಅದು ಕೊಯ್ಲಿನ ಕಾಲದ ನುಸಿಯ ಮರಿ. ಕೆಲವು ದಿನ ಕಚ್ಚಿಕೊಂಡಿದ್ದು ಉದುರುತ್ತದೆ, ತುರಿಕೆ ಮಾತ್ರ ಉಳಿಯುತ್ತದೆ. ಒಣಹುಲ್ಲಿನ ಮುಳ್ಳುತೆನೆ ಇದಕ್ಕಿಂತ ಕೆಟ್ಟದ್ದು. ಅದರ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಒಳಹೋದದ್ದು ಮುಂದಕ್ಕೇ ಸಾಗುತ್ತದೆ, ಹೊರಬರುವುದಿಲ್ಲ. ಸುತ್ತಾಟದ ಮೇಲೆ ಒಂದೇ ಸಮನೆ ತಲೆ ಕೊಡವಿದರೆ, ಸೀನಿದರೆ, ಒಂದೇ ಪಾದ ನೆಕ್ಕುತ್ತಿದ್ದರೆ ಅದನ್ನೇ ಶಂಕಿಸಿ. ಇಲಿ ಮೂತ್ರ ಸೇರಿದ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ದಾಟುತ್ತದೆ. ಆ ಲಸಿಕೆ ವರ್ಷಕ್ಕೊಮ್ಮೆ ಬೇಕು, ನಡುವೆ ಬಿಟ್ಟುಹೋಗಿದ್ದರೆ ಮತ್ತೆ ಎರಡು ಡೋಸ್‌ನಿಂದ ಶುರು ಮಾಡಬೇಕಾಗಬಹುದು. ತಣ್ಣೀರಿನಲ್ಲಿ ಈಜಿದ ಮರುದಿನ ಬಾಲ ಜೋತುಬಿದ್ದು ಮುಟ್ಟಿದರೆ ನೋವೆಂದರೆ ಹೆದರಬೇಡಿ. ಬಾಲದ ಬುಡದ ಸ್ನಾಯು ನೊಂದಿರುತ್ತದೆ, ವಿಶ್ರಾಂತಿಯಿಂದ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ. ನೋವು ಹೆಚ್ಚಿದ್ದರೆ ವೈದ್ಯರು ಔಷಧಿ ಕೊಡುತ್ತಾರೆ.

ಹಗಲು ಬೇಗ ಮುಗಿಯುವ ಕಾಲ, ಅನೇಕ ಕಡೆ ಬೇಟೆಯ ಕಾಲವೂ ಹೌದು. ಬೇಟೆಗೆ ಅನುಮತಿಯಿರುವ ಪ್ರದೇಶವಾದರೆ ಆ ದಿನಗಳಲ್ಲಿ ಹೋಗಬೇಡಿ. ಹೋದರೂ ಚಿನ್ನುಗೂ ನಿಮಗೂ ಹೊಳೆಯುವ ಕಿತ್ತಳೆ ಬಣ್ಣದ ಮೇಲಂಗಿ ಇರಲಿ. ಆ ಬಣ್ಣ ಮನುಷ್ಯರ ಕಣ್ಣಿಗಾಗಿ. ನಾಯಿಯ ಕಣ್ಣಿಗೆ ಮುಖ್ಯವಾಗಿ ನೀಲಿ ಮತ್ತು ಹಳದಿಯ ಛಾಯೆಗಳಷ್ಟೇ ಬೇರೆಬೇರೆಯಾಗಿ ಕಾಣುತ್ತವೆ ಎಂಬುದನ್ನು ಜೇ ನೈಟ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಹಾಗಾಗಿ ಅವಳ ಆಟಿಕೆ ನೀಲಿಯದಿರಲಿ. ಕೆಂಪು, ಕಿತ್ತಳೆ ಆಟಿಕೆ ಹುಲ್ಲಿನಲ್ಲಿ ಬಿದ್ದರೆ ಅವಳಿಗೆ ಎದ್ದು ಕಾಣುವುದಿಲ್ಲ.

ಸುತ್ತಾಟದ ಮಧ್ಯೆ ಕೂರುವುದನ್ನೂ ಸೇರಿಸಿ. ತೇವದ ನೆಲ ಸವೆದ ಕೀಲಿಗೆ ಒಳ್ಳೆಯದಲ್ಲವಾದ್ದರಿಂದ ದಪ್ಪ ಚಾಪೆಯೊಂದು, ಮನೆಯಿಂದ ತಂದ ನೀರು, ಬಟ್ಟಲು ಜೊತೆಗಿರಲಿ. ಗುಡ್ಡದ ಪಕ್ಕ ಗಾಳಿ ಬೀಸುವ ದಿಕ್ಕಿಗೆ ಮುಖಮಾಡಿ ಅವಳನ್ನು ಮಲಗಿಸಿ ನೋಡಿ. ಕಣ್ಣು ಅರ್ಧ ಮುಚ್ಚಿರುತ್ತದೆ, ಮೂಗು ಮಾತ್ರ ಬಿಡುವಿಲ್ಲದೆ ಆಡುತ್ತಿರುತ್ತದೆ. ದಣಿವಿಲ್ಲದೆ ಇಡೀ ಕಣಿವೆಯ ಸುದ್ದಿ ಅವಳಿಗೆ ತಲುಪುತ್ತಿರುತ್ತದೆ. ಗಿಡ್ಡ ಹುಲ್ಲಿರುವ ಸ್ವಚ್ಛ ಜಾಗದಲ್ಲಿ ಅವಳ ಊಟದ ಒಂದಿಷ್ಟು ಕಾಳನ್ನು ಚೆಲ್ಲಿ ಹುಡುಕಲು ಬಿಡಬಹುದು. ತರಗೆಲೆಯ ರಾಶಿಯಲ್ಲಿ ಮಾತ್ರ ಚೆಲ್ಲಬೇಡಿ. ಅಲ್ಲಿ ಹುಡುಕಿದ್ದನ್ನೆಲ್ಲ ತಿನ್ನಬಹುದು ಎಂದು ನೀವೇ ಕಲಿಸಿದಂತಾಗುತ್ತದೆ.

ಸಾಕೆಂದು ಅವಳು ಹೇಗೆ ಹೇಳುತ್ತಾಳೆ? ಸಾಮಾನ್ಯವಾಗಿ ಮೊದಲು ಮೂಸುವುದು ಕಡಿಮೆಯಾಗುತ್ತದೆ, ಆಮೇಲೆ ನಿಮ್ಮ ಹಿಂದೆ ಬೀಳುತ್ತಾಳೆ, ಕೂತುಬಿಡುತ್ತಾಳೆ, ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುತ್ತದೆ. ಮೊದಲನೆಯದು ಕಂಡಾಗಲೇ ತಿರುಗಿ. ಮನೆಗೆ ಬಂದು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊಟ್ಟೆ, ತೊಡೆಸಂದಿ, ಪಾದ ಒರೆಸಿ, ಚೆನ್ನಾಗಿ ಒಣಗಿಸಿ, ಬೆಚ್ಚಗೆ ಮಲಗಿಸಿ. ಉಣುಗು ಹುಡುಕುವ ಕೈ ಅವಳಿಗೆ ನೇವರಿಸುವ ಕೈಯೂ ಆಗಲಿ, ಆತುರ ಮಾಡಬೇಡಿ. ಮರುದಿನ ಬೆಳಗಿನ ಬಿಗಿತ ಕೆಲವು ನಿಮಿಷಗಳಲ್ಲಿ ಹೋದರೆ ಮುಂದಿನ ವಾರವೂ ಅಷ್ಟೇ ಹೊತ್ತು ಸುತ್ತಾಡಿ. ಮಧ್ಯಾಹ್ನದವರೆಗೂ ಉಳಿದರೆ ಮುಂದಿನ ಸಲ ಹೊತ್ತನ್ನು ಅರ್ಧಕ್ಕಿಳಿಸಿ. ಎರಡನೆಯ ದಿನವೂ ಕುಂಟಿದರೆ ಅಥವಾ ಒಂದು ಕಾಲನ್ನು ಊರಲು ಹಿಂಜರಿದರೆ ಸುತ್ತಾಟ ನಿಲ್ಲಿಸಿ ವೈದ್ಯರನ್ನು ಕಾಣಿ. ಅವಳು ಏಳುವುದನ್ನೂ ನಡೆಯುವುದನ್ನೂ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಗಾಬರಿಯಲ್ಲಿ ಬಹಳಷ್ಟು ನಾಯಿಗಳು ಕುಂಟುವುದನ್ನೇ ಮರೆಯುತ್ತವೆ. ಪರೀಕ್ಷೆಯಾದ ಮೇಲೆ ಯಾವ ಕೀಲು, ಎಷ್ಟು ಸವೆದಿದೆ ಎಂದು ಬರೆಯಿರಿ. ವಾರದ ದಿನಗಳಿಗೆ ಚಿನ್ನುಗೆ ಹೊಂದುವ ನಡಿಗೆ ಮತ್ತು ಹಿಂಗಾಲಿನ ವ್ಯಾಯಾಮ ಯಾವುವೆಂದು ಅದನ್ನು ನೋಡಿ ಹೇಳುತ್ತೇನೆ.